ಮೊದಲ ಸಾಲಿನಲ್ಲಿ ಬರೆದದ್ದು

ಜುಲೈ ತಿಂಗಳು ಬಂದರೆ ಈಗಲೂ ನನಗೆ ಆ ಕಂಪ್ಯೂಟರ್ ಲ್ಯಾಬಿನ ವಾಸನೆ ನೆನಪಾಗುತ್ತದೆ. ಬಿಸಿಯಾದ ಪ್ಲಾಸ್ಟಿಕ್, ಹುಡುಗಿಯರ ಜಡೆಯ ಮಲ್ಲಿಗೆ, ಯಾರೋ ಡಬ್ಬಿಯಲ್ಲಿ ತಂದ ನಿಂಬೆಹಣ್ಣಿನ ಚಿತ್ರಾನ್ನ. ಕಾರಮಡೈನ ಆ ಶಾಲೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟೆ. ಪಾಠ ಮಾಡಿದ ದಿನಗಳೆಲ್ಲ ಒಂದರೊಳಗೊಂದು ಬೆರೆತುಹೋಗಿವೆ. ಯಾವ ವರ್ಷ ಯಾವ ಮಗುವಿಗೆ ಏನು ಹೇಳಿದೆ ಎಂದು ಕೇಳಿದರೆ ತಡವರಿಸುತ್ತೇನೆ. ಆದರೆ ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲಿನ ಆ ಕೆಲವು ವಾರಗಳು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಲೇಜಿನ ಅರ್ಜಿ ತುಂಬಿಸಿದ ದಿನಗಳು, ಒಂದೊಂದು ವರ್ಷದ್ದೂ ಬೇರೆ ಬೇರೆಯಾಗಿ ಉಳಿದಿವೆ.

ಕೊಯಮತ್ತೂರಿನ ಮನೆಯಿಂದ ಶಾಲೆಗೆ ಮೇಟ್ಟುಪಾಳಯಂ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಿದ್ದೆ. ಬೇರೆ ದಿನಗಳಲ್ಲಿ ಕಾಲೇಜು ಹುಡುಗರ ನೂಕುನುಗ್ಗಲು. ಶನಿವಾರಗಳಲ್ಲಿ ಮಾತ್ರ ಕಿಟಕಿ ಪಕ್ಕ ಸೀಟು ಸಿಗುತ್ತಿತ್ತು. ನೀಲಗಿರಿ ಬೆಟ್ಟ ನಿಧಾನವಾಗಿ ಹತ್ತಿರವಾಗುವುದನ್ನು ನೋಡುತ್ತಾ ಕೂರುತ್ತಿದ್ದೆ. ಅರ್ಜಿ ತುಂಬಿಸುವ ಕೆಲಸ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ವರ್ಷ ಒಬ್ಬ ತಂದೆ ಅರ್ಜಿಯ ಕವರ್ ಹಿಡಿದು ಬಂದು, ಇದರಲ್ಲಿ ಏನು ಕೇಳಿದ್ದಾರೆ ಓದಿ ಹೇಳಿ ಎಂದರು. ಮರುವರ್ಷ ಆರು ಜನ ಬಂದರು. ಆಮೇಲೆ ಅದು ನನ್ನ ಕೆಲಸವೇ ಆಯಿತು.

ಆಗ ಎಂಜಿನಿಯರಿಂಗ್ ಕೌನ್ಸೆಲಿಂಗ್ ಚೆನ್ನೈನಲ್ಲಿ ನಡೆಯುತ್ತಿತ್ತು. ಮಗು, ಜೊತೆಗೊಬ್ಬ ದೊಡ್ಡವರು ಅಲ್ಲಿಗೆ ಹೋಗಬೇಕು. ದೊಡ್ಡ ಹಾಲ್, ಎದುರಿಗೆ ಪರದೆ, ಪರದೆಯ ಮೇಲೆ ಉಳಿದ ಸೀಟುಗಳ ಸಂಖ್ಯೆ. ಕರೆದಾಗ ಒಳಗೆ ಹೋಗಿ, ಇದ್ದುದರಲ್ಲಿ ಒಂದನ್ನು ಆರಿಸಿ ಬರಬೇಕು. ಎರಡು ಸಲ ನಾನೂ ಮಕ್ಕಳ ಜೊತೆ ಹೋಗಿದ್ದೆ. ಎರಡನೇ ಸಲ ನನ್ನ ಜೊತೆ ಬಂದ ಹುಡುಗಿ ಇದೋ ಅದೋ ಎಂದು ಯೋಚಿಸುತ್ತಾ ನಿಂತಳು. ಅವಳು ನೋಡುತ್ತಿದ್ದಂತೆಯೇ ಅವಳಿಗೆ ಬೇಕಿದ್ದ ಕೋರ್ಸಿನ ಕೊನೆಯ ಸೀಟನ್ನು ಪಕ್ಕದ ಮೇಜಿನ ಯಾರೋ ತೆಗೆದುಕೊಂಡರು, ಪರದೆಯ ಮೇಲೆ ಒಂದು ಇದ್ದದ್ದು ಸೊನ್ನೆಯಾಯಿತು. ವಾಪಸ್ಸು ಬರುವಾಗ ಈರೋಡ್ ದಾಟುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಸಿಕ್ಕಿದ್ದನ್ನು ಮೊದಲು ಹಿಡಿದುಕೊಳ್ಳಬೇಕು ಎಂಬುದು ನನ್ನೊಳಗೆ ಗಟ್ಟಿಯಾಗಿ ಕೂತದ್ದು ಅಂದು ಇರಬೇಕು.

ನಂತರ ಎಲ್ಲ ಕಂಪ್ಯೂಟರಿಗೆ ಬಂತು. ಚೆನ್ನೈಗೆ ಹೋಗಬೇಕಿಲ್ಲ. ಬೇಕಾದ ಕಾಲೇಜುಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ತುಂಬಿ, ಗಡುವಿನೊಳಗೆ ಪಟ್ಟಿಗೆ ಬೀಗ ಹಾಕಬೇಕು, ಆಮೇಲೆ ಬದಲಾಯಿಸುವಂತಿಲ್ಲ. ರ‍್ಯಾಂಕ್ ನೋಡಿ ಕಂಪ್ಯೂಟರು ಮೇಲಿನಿಂದ ಹುಡುಕುತ್ತಾ ಬರುತ್ತದೆ. ಮೊದಲನೆಯದು ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ, ಸಿಗದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ. ಆದ್ದರಿಂದ ಬಹಳ ಆಸೆಯದ್ದನ್ನು ಮೇಲೆ ಬರೆಯಬೇಕು, ಖಂಡಿತ ಸಿಗುವುದನ್ನು ಕೆಳಗೆ. ಮೇಲೆ ಬರೆದದ್ದು ಸಿಗದೆ ಹೋದರೆ ನಷ್ಟವೇನೂ ಇಲ್ಲ. ಇದನ್ನು ನಾನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ.

ನನ್ನ ಹತ್ತಿರ ಒಂದು ಉದ್ದ ನೋಟ್‌ಬುಕ್ ಇತ್ತು. ಯಾವ ಕಾಲೇಜಿನ ಯಾವ ಕೋರ್ಸು ಹಿಂದಿನ ವರ್ಷ ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂದು ಅದರಲ್ಲಿ ಬರೆದಿಡುತ್ತಿದ್ದೆ. ಪಕ್ಕದ ಜಾಗದಲ್ಲಿ, ಅರ್ಜಿ ತುಂಬಿಸಲು ಬರುವ ಮಕ್ಕಳ ಬಗ್ಗೆ ಒಂದೆರಡು ಮಾತು. ಈ ಮಾತುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೆ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತೇವೆ, ಓದಲು ಬರುವುದು ಮಾತ್ರ ನನಗೊಬ್ಬಳಿಗೆ. ಮೈಸೂರಿನಿಂದ ಮದುವೆಯಾಗಿ ಬಂದ ನನ್ನ ತಾಯಿ ಕಲಿಸಿದ್ದು. ಮಕ್ಕಳು ಹೆಗಲ ಮೇಲಿನಿಂದ ಬಗ್ಗಿ ನೋಡಿದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ. 'ಇವನಿಗೆ ಇದು ಸಿಗದು' ಎಂದು ಬರೆದದ್ದು ಕಣ್ಣಿಗೆ ಬಿದ್ದು ಯಾರೂ ನೊಂದುಕೊಳ್ಳುವುದು ಬೇಡ ಎಂಬುದು ನನ್ನ ಸಮಾಧಾನ. ಅದು ಒಳ್ಳೆಯ ಉಪಾಯ ಎಂದೇ ತಿಳಿದಿದ್ದೆ.

ಆ ವರ್ಷದ ಹುಡುಗಿ ಮೇಟ್ಟುಪಾಳಯಂ ಹತ್ತಿರದ ಸಿರುಮುಗೈನವಳು. ತಂದೆ ರೇಷ್ಮೆ ಸೀರೆ ನೇಯುತ್ತಿದ್ದರು. ಒಂದು ದಿನ ನಾನು ಶಾಲೆಯ ವರಾಂಡದಲ್ಲಿ ನಮ್ಮ ಯಜಮಾನರ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ಮುಗಿಯುವವರೆಗೂ ಅವಳು ಕಂಬದ ಹತ್ತಿರ ಕಾದಿದ್ದು, "ಮಿಸ್, ನೀವೂ ಕನ್ನಡವಾ? ನಮ್ಮ ಮನೇಲೂ ಅದೇ," ಎಂದಳು. ಅಂದಿನಿಂದ ಬೇರೆ ಯಾರೂ ಇಲ್ಲದಾಗ ನಾವಿಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದೆವು. ಅವಳದು ಅರ್ಧಕ್ಕರ್ಧ ತಮಿಳು ಬೆರೆತ ಸಿರುಮುಗೈ ಕನ್ನಡ. ನಮ್ಮ ಮನೆಯದೂ ಅದಕ್ಕಿಂತ ಬಹಳ ಶುದ್ಧವೇನಲ್ಲ.

ಅವಳು ನನಗೆ ಒಂದು ನಕ್ಷೆ ತೋರಿಸಿದ್ದಳು. ಸಿರುಮುಗೈ ಹತ್ತಿರ ಭವಾನಿ ಅಣೆಕಟ್ಟಿನ ಹಿನ್ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಜಾಗದಲ್ಲಿ ಕೆಲವರು ಬಾಳೆ ಹಾಕುತ್ತಾರೆ. ಬೆಟ್ಟದಲ್ಲಿ ಮಳೆ ಹಿಡಿದರೆ ನೀರು ಮತ್ತೆ ಬಂದು, ಗೊನೆ ಬಿಟ್ಟ ಬಾಳೆ ಹಾಗೆಯೇ ಮುಳುಗುವುದೂ ಉಂಟು. ಎರಡು ಬೇಸಿಗೆ, ಪ್ರತಿ ತಿಂಗಳ ಮೊದಲ ಭಾನುವಾರ, ಅವಳು ನೀರಿನ ಅಂಚನ್ನು ಹೆಜ್ಜೆ ಎಣಿಸಿ ಅಳೆದು, ಒಂದೊಂದು ತಿಂಗಳಿಗೆ ಒಂದೊಂದು ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಒಂದು ಹುಣಸೆಮರ, ಒಂದು ಪಂಪ್‌ಸೆಟ್ ಕೋಣೆ, ಅವರ ಚಿಕ್ಕಪ್ಪನ ಬಾಳೆತೋಟ, ಎಲ್ಲವೂ ಅದರಲ್ಲಿದ್ದವು.

"ಯಾರು ಮಾಡು ಅಂದ್ರು ಇದನ್ನ?" ಎಂದು ಕೇಳಿದೆ.

"ಯಾರೂ ಇಲ್ಲ ಮಿಸ್. ನಮ್ಮ ಚಿಕ್ಕಪ್ಪ ವರ್ಷಾ ವರ್ಷಾ ನೀರು ಇಲ್ಲೀವರೆಗೆ ಬರಲ್ಲ ಅಂತಾರೆ. ವರ್ಷಾ ವರ್ಷಾ ಬರ್ತದೆ. ಅದಕ್ಕೇ ಎಳೆದಿಟ್ಟೆ."

ನೆಲವನ್ನು ಅಳೆದು ನಕ್ಷೆ ಮಾಡುವುದನ್ನೇ ಕಲಿಸುವ ಒಂದು ಎಂಜಿನಿಯರಿಂಗ್ ಕೋರ್ಸು ಚೆನ್ನೈನ ಸರ್ಕಾರಿ ಕಾಲೇಜೊಂದರಲ್ಲಿದೆ ಎಂದು ಅವಳಿಗೆ ಹೇಳಿದವಳು ನಾನೇ. ಅದಾದ ಮೇಲೆ ಅವಳಿಗೆ ಬೇರೆ ಯಾವುದೂ ಬೇಡವಾಯಿತು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತುವ ಮೊದಲನೆಯವಳು ಅವಳು. ಅಂಥ ಮಕ್ಕಳಿಗೆ ಸಿಗುವ ಶುಲ್ಕ ರಿಯಾಯಿತಿಗೆ ಬೇಕಾದ ಸರ್ಟಿಫಿಕೇಟಿಗಾಗಿ ಅವಳ ಅಪ್ಪ ಎರಡು ದಿನ ಮಗ್ಗ ನಿಲ್ಲಿಸಿ ತಾಲ್ಲೂಕು ಕಚೇರಿಗೆ ಓಡಾಡಿದ್ದರು.

ಪಟ್ಟಿಗೆ ಬೀಗ ಹಾಕಲು ಕೊನೆಯ ದಿನ ಶನಿವಾರ, ಸಂಜೆ ಐದರವರೆಗೆ ಗಡುವು. ಲ್ಯಾಬಿನ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಹದಿನೈದು ಮಕ್ಕಳು, ಸರಿಯಾಗಿ ನಡೆಯುವ ಕಂಪ್ಯೂಟರು ನಾಲ್ಕು. ಬೇಗ ಆಗಲಿ ಎಂದು ಕೀಬೋರ್ಡಿನ ಮುಂದೆ ನಾನೇ ಕೂತಿದ್ದೆ. ಅವಳ ಸರದಿ ಬಂದಾಗ ಮೂರೂವರೆ ಆಗಿತ್ತು. ಗೆರೆ ಹಾಕಿದ ಹಾಳೆಯಲ್ಲಿ ತಮಿಳಿನಲ್ಲಿ ಅಂದವಾಗಿ ಹದಿನಾಲ್ಕು ಹೆಸರು ಬರೆದುಕೊಂಡು ಬಂದಿದ್ದಳು. ಮೊದಲನೆಯದು ಚೆನ್ನೈನ ಆ ಕೋರ್ಸು. ಮೂರನೆಯದು ಕೊಯಮತ್ತೂರಿನ ಒಂದು ಕಾಲೇಜಿನ ಸಿವಿಲ್. ಆ ಕಾಲೇಜಿನ ಬಸ್ಸು ಸಿರುಮುಗೈವರೆಗೂ ಬರುತ್ತಿತ್ತು.

ಮುಂದೆ ನಡೆದ ಮಾತನ್ನು ನೆನಪಿರುವಷ್ಟು ಸರಿಯಾಗಿ ಬರೆಯುತ್ತೇನೆ.

"ಇದನ್ನ ಮೇಲೆ ಹಾಕೋಣ," ಎಂದು ಮೂರನೆಯದರ ಮೇಲೆ ಬೆರಳಿಟ್ಟೆ.

"ಅದು ಮೂರನೇದು ಮಿಸ್."

"ಮೊದಲನೇದು ಸಿಗಲ್ಲ ಕಣೆ. ಕಳೆದ ವರ್ಷದ್ದು ನೋಡು, ನಿನ್ನ ರ‍್ಯಾಂಕಿಗೆ ಮುಂಚೇನೇ ಮುಗಿದಿದೆ."

"ಸಿಗದಿದ್ರೆ ಅದೇ ಕೆಳಗೆ ಇಳಿದು ಬರ್ತದಲ್ವಾ? ನೀವೇ ಹೇಳಿದ್ರಿ."

"ಬರ್ತದೆ. ಆದ್ರೂ ಕೈಗೆ ಸಿಗೋದನ್ನ ಮೊದಲು ಹಿಡ್ಕೊಳ್ಳೋಣ."

ಅವಳು ಪಟ್ಟಿಯ ಹಾಳೆಯಿಂದ ಕಣ್ಣೆತ್ತಿದಳು. ಮೇಜಿನ ಮೇಲೆ ತೆರೆದಿದ್ದ ನನ್ನ ನೋಟ್‌ಬುಕ್ ನೋಡಿದಳು. "ಅಲ್ಲಿ ಪಕ್ಕದಲ್ಲಿ ಏನು ಬರೆದಿದ್ದೀರಿ ಮಿಸ್?"

"ಅದು ನನ್ನ ಲೆಕ್ಕ."

"ಕನ್ನಡದಲ್ಲಾ?"

"ಹೂಂ."

ಹಿಂದೆ ನಿಂತಿದ್ದ ಹುಡುಗಿ ತಮಿಳಿನಲ್ಲಿ, ಬೇಗ ಮುಗಿಸೇ, ಕರೆಂಟ್ ಹೋದರೆ ನಾವೆಲ್ಲ ನಿಮ್ಮಪ್ಪನ ಹತ್ತಿರ ಸೀರೆ ನೇಯೋಕೆ ಬರಬೇಕಾಗುತ್ತೆ ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಾನು ಮೂರನೆಯದನ್ನು ಮೊದಲು ಟೈಪ್ ಮಾಡಿದೆ. ಅಪ್ಪನ ಫೋನನ್ನು ಅವಳು ಕರ್ಚೀಫಿನಲ್ಲಿ ಸುತ್ತಿ ಜಾಮೆಟ್ರಿ ಬಾಕ್ಸಿನ ಜೊತೆ ತಂದಿದ್ದಳು. ಅದಕ್ಕೆ ಬಂದ ಒಟಿಪಿಯ ಆರು ಅಂಕಿಗಳನ್ನು ಅವಳು ಒಂದೊಂದಾಗಿ ಓದಿ ಹೇಳಿದಳು, ನಾನು ಒತ್ತಿದೆ. ಪಟ್ಟಿಗೆ ಬೀಗ ಬಿತ್ತು.

ಸೀಟು ಹಂಚಿಕೆಯ ಫಲಿತಾಂಶ ಬಂದ ದಿನ ಅವಳ ಅಪ್ಪ ಫೋನ್ ಮಾಡಿದರು. "ಟೀಚರಮ್ಮ, ಫಸ್ಟ್ ಚಾಯ್ಸೇ ಸಿಕ್ಕಿಬಿಡ್ತು," ಎಂದರು. ಅವರ ದನಿಯ ಹಿಂದೆ ಹೆಂಗಸರು ಒಟ್ಟಿಗೆ ಮಾತಾಡುವ ಗಲಾಟೆ. ದಿನಾ ಸಂಜೆ ಮನೆಗೆ ಬಂದು ಊಟ ಮಾಡುತ್ತಾಳೆ ಎಂದು ಅವಳ ಅಮ್ಮ ಎರಡು ಸಲ ಹೇಳಿದರು. ನನಗೂ ಸಂತೋಷವಾಯಿತು. ಆ ಸಂತೋಷ ಸುಳ್ಳಾಗಿರಲಿಲ್ಲ.

ಆ ಸುತ್ತು ಮುಗಿದ ಮೇಲೆ, ಯಾವ ಸೀಟು ಯಾವ ರ‍್ಯಾಂಕಿನವರೆಗೆ ಹೋಯಿತು ಎಂಬ ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲು ಕೂತೆ. ಭಾನುವಾರ ಮಧ್ಯಾಹ್ನ, ಊಟದ ಮೇಜು. ಚೆನ್ನೈನ ಆ ಕೋರ್ಸಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಆ ವರ್ಷ ಅದು ಹಿಂದಿನ ವರ್ಷಕ್ಕಿಂತ ಕೆಳಗಿನವರೆಗೂ ಬಂದಿತ್ತು. ಅವಳಿಗಿಂತ ಕಡಿಮೆ ಅಂಕದವರಿಗೆ ಸೀಟು ಸಿಕ್ಕಿತ್ತು. ಸಾಲು ತಪ್ಪಿ ಓದಿರಬೇಕು ಎಂದು ಸ್ಕೇಲ್ ಇಟ್ಟು ಮತ್ತೊಮ್ಮೆ ನೋಡಿದೆ. ಆಮೇಲೆ ಯಜಮಾನರನ್ನು ಕರೆದು ಅವರಿಂದಲೂ ಓದಿಸಿದೆ. ಮೊದಲ ಸಾಲಿನಲ್ಲಿ ಬರೆದಿದ್ದರೆ ಅದು ಅವಳದಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕೌನ್ಸೆಲಿಂಗ್ ನೆರವು ಕೇಂದ್ರಕ್ಕೆ ಫೋನ್ ಮಾಡಿದೆ. ಯಾವುದಾದರೂ ದಾರಿ ಇದೆಯೇ ಎಂದು ಕೇಳಿದೆ. ಆ ಕಡೆ ಇದ್ದ ಯುವಕ ಮರ್ಯಾದೆಯಿಂದಲೇ, "ಮೊದಲ ಚಾಯ್ಸೇ ಕೊಟ್ಟಿದ್ದೇವಲ್ಲ ಮೇಡಂ, ಅದಕ್ಕಿಂತ ಮೇಲೆ ಇನ್ನೆಲ್ಲಿಗೆ ಹೋಗ್ತಾರೆ?" ಎಂದ.

ಯಜಮಾನರು ಬ್ಯಾಂಕಿನಲ್ಲಿದ್ದವರು, ಅಳೆದು ಮಾತಾಡುವವರು. "ಹೇಳಿ ಏನು ಮಾಡ್ತೀಯ? ಕಾಲೇಜು ಶುರುವಾಗೋಕೆ ನಾಲ್ಕು ದಿನ ಇದೆ. ಖುಷಿಯಾಗಿ ಹೊರಟಿರೋ ಮಗು. ನಿನ್ನ ತಲೆಭಾರ ಇಳಿಸ್ಕೊಳ್ಳೋಕೆ ಅವಳ ತಲೆ ಮೇಲೆ ಹಾಕ್ಬೇಡ," ಎಂದರು. ಅವರು ಹೇಳಿದ್ದು ಸರಿ ಅನ್ನಿಸಿತು. ಎರಡು ದಿನ ಹಾಗೆಯೇ ಇದ್ದೆ. ಮೂರನೇ ದಿನ ಕಾರಮಡೈನಲ್ಲಿ ಇಳಿಯದೆ ಮೇಟ್ಟುಪಾಳಯಂವರೆಗೂ ಹೋಗಿ, ಅಲ್ಲಿಂದ ಸಿರುಮುಗೈ ಬಸ್ಸು ಹತ್ತಿದೆ.

ಮನೆಯ ಮುಂದಿನ ಕೋಣೆಯಲ್ಲೇ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗ. ಅವಳ ಅಪ್ಪ ಅಂದು ಮನೆಯಲ್ಲಿರಲಿಲ್ಲ. ನೇಯ್ದ ಸೀರೆ ಕೊಟ್ಟು ಬರಲು ಹೋಗಿದ್ದರು. ಅಮ್ಮ ಒಳಗೆ ಅಡುಗೆಯಲ್ಲಿದ್ದರು. ಅಜ್ಜಿ ಬಾಗಿಲ ಹತ್ತಿರ ರಾಟೆಯ ಮುಂದೆ ಕೂತಿದ್ದರು. "ಬಾ ಅಮ್ಮಣಿ, ಕೂತ್ಕೋ," ಎಂದರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಾಗೆಯೇ ಕರೆಯುತ್ತಾರೆ, ನಲವತ್ತೆಂಟು ವರ್ಷದ ಟೀಚರನ್ನೂ. ಹುಡುಗಿ ಮಗ್ಗದ ಅಂಚಿನಲ್ಲಿ ಕೂತು ಹೊಸ ಬ್ಯಾಗಿನ ಪಟ್ಟಿ ಸರಿಮಾಡುತ್ತಿದ್ದಳು.

ನಾನು ನೀರೂ ಕುಡಿಯದೆ ಹೇಳಿಬಿಟ್ಟೆ. ಆ ಕೋರ್ಸು ಅವಳ ರ‍್ಯಾಂಕಿಗೆ ಸಿಗುತ್ತಿತ್ತು. ಅವಳು ಬರೆದಿದ್ದ ಸಾಲು ಸರಿಯಾಗಿತ್ತು. ಬದಲಾಯಿಸಿದ್ದು ನಾನು.

ರಾಟೆ ನಿಂತಿತು. ಅಜ್ಜಿಯೇ ಮೊದಲು ಮಾತಾಡಿದ್ದು. "ಅದಕ್ಯಾಕೆ ಇಷ್ಟು ದೂರ ಬಂದೆ ಅಮ್ಮಣಿ? ಸಿಕ್ಕಿದ್ರೂ ನಾವು ಮದರಾಸಿಗೆ ಕಳಿಸ್ತಿರಲಿಲ್ಲ ಬಿಡು."

"ನೀವು ಕಳಿಸಲ್ಲ ಅನ್ನೋದು ಬೇರೆ ಅಜ್ಜಿ," ಎಂದಳು ಹುಡುಗಿ. "ನನಗೆ ಸಿಗಲ್ಲ ಅನ್ನೋದು ಬೇರೆ."

"ಎರಡೂ ಒಂದೇ, ನನ್ನ ಕಣ್ಣೇ. ಮನೇಲಿ ಇರ್ತೀಯ."

"ಒಂದೇ ಅಲ್ಲ."

ಅವಳು ದನಿ ಎತ್ತಿರಲಿಲ್ಲ. ನನ್ನ ಕಡೆ ತಿರುಗಿ, ಆ ನೋಟ್‌ಬುಕ್ ತಂದಿದ್ದೀರಾ ಎಂದು ಕೇಳಿದಳು. ಬ್ಯಾಗಿನಲ್ಲಿತ್ತು. ತೆಗೆದು ಕೊಟ್ಟೆ. ಈ ವರ್ಷದ ಸಂಖ್ಯೆಯನ್ನು ನೋಡಿದಳು, ತನ್ನ ರ‍್ಯಾಂಕನ್ನು ಮೆಲ್ಲಗೆ ಹೇಳಿಕೊಂಡಳು, ಎರಡರ ನಡುವಿನ ಅಂತರವನ್ನು ಬೆರಳಲ್ಲಿ ಎಣಿಸಿದಳು. ಒಂದು ಕ್ಷಣ ಅವಳ ಮುಖದಲ್ಲಿ ಕಂಡದ್ದು ಸಂತೋಷವೇ. ಗಣಿತದಲ್ಲಿ ಉತ್ತರ ಸರಿಬಂದಾಗ ಮಕ್ಕಳ ಮುಖದಲ್ಲಿ ಕಾಣುವಂಥದ್ದು. ಅದನ್ನು ನೋಡುವುದು ನನಗೆ ಅವಳು ಅತ್ತಿದ್ದರೂ ಆಗದಷ್ಟು ಕಷ್ಟವಾಯಿತು.

ಆಮೇಲೆ ಹಾಳೆ ತಿರುಗಿಸಿ ಹಿಂದಿನ ಪುಟಕ್ಕೆ ಹೋದಳು. ಆ ಶನಿವಾರ ಲ್ಯಾಬಿನಲ್ಲಿ ತೆರೆದಿದ್ದ ಪುಟ. "ಇದನ್ನ ಓದಿ ಮಿಸ್. ನಿಮ್ಮ ಲೆಕ್ಕ."

ಏನಾದರೂ ಬೇರೆ ಓದಬಹುದಾಗಿತ್ತು. ಆ ಮನೆಯಲ್ಲಿ ಕನ್ನಡ ಅಕ್ಷರ ಬರುವವರು ಯಾರೂ ಇರಲಿಲ್ಲ. ರ‍್ಯಾಂಕಿನ ಬಗ್ಗೆ ಏನೋ ಒಂದು ಹೇಳಿದ್ದರೆ ನಂಬುತ್ತಿದ್ದಳು. ಅಲ್ಲಿ ಬರೆದಿದ್ದಂತೆಯೇ ಓದಿದೆ: "ಹೆಣ್ಣು ಮಗು. ಚೆನ್ನೈ ದೂರ. ಹತ್ತಿರದ್ದು ಸಾಕು."

ಓದಿದಾಗಲೇ ನನಗೂ ಅದು ಸರಿಯಾಗಿ ಕೇಳಿಸಿದ್ದು. ಅದರಲ್ಲಿ ರ‍್ಯಾಂಕಿನ ಮಾತೇ ಇರಲಿಲ್ಲ. ಅವಳು ಪಟ್ಟಿ ತರುವುದಕ್ಕೆ ಎಷ್ಟೋ ದಿನ ಮೊದಲು, ಯಾವುದೋ ಸಂಜೆ ರೈಲಿನಲ್ಲಿ ಬರೆದದ್ದು. ಚೆನ್ನೈನ ಆ ದೊಡ್ಡ ಹಾಲ್‌ನಲ್ಲಿ ಕಲಿತ ಅಭ್ಯಾಸ, ಸೊನ್ನೆಯಾದ ಆ ಕೊನೆಯ ಸೀಟಿನ ಭಯ, ಇವೆಲ್ಲ ನಿಜವೇ. ಆದರೆ ಅವುಗಳಿಗೂ ಮುಂಚೆ ನಾನು ತೀರ್ಮಾನ ಮಾಡಿ ಮುಗಿಸಿದ್ದೆ. ನನ್ನ ಕೈ ತಪ್ಪಿತು ಎಂದು ಹೇಳಲು ಆ ಮನೆಗೆ ಹೋದವಳು, ತಪ್ಪಿದ್ದು ಕೈ ಅಲ್ಲ ಎಂದು ಅಲ್ಲಿ ತಿಳಿದೆ.

ಅಜ್ಜಿ, "ಸರಿಯಾಗೇ ಬರೆದಿದೀಯಲ್ಲ," ಎಂದರು. ಅವರದು ಕುಹಕವಲ್ಲ, ಮೆಚ್ಚುಗೆ.

ಹುಡುಗಿ ನೋಟ್‌ಬುಕ್ ಮುಚ್ಚಿ ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟಳು, ದೊಡ್ಡವರಿಗೆ ಕೊಡುವ ರೀತಿಯಲ್ಲೇ. "ಕಾಫಿ ಕುಡಿದು ಹೋಗಿ ಮಿಸ್," ಎಂದಳು. ಒಳಗಿನಿಂದ ತಂದು ಕೊಟ್ಟಳು. ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ಬಂದಳು. ದಾರಿಯಲ್ಲಿ ಹಿನ್ನೀರು ಕಾಣುತ್ತಿತ್ತು. ಬೆಟ್ಟದ ಮಳೆಯ ನೀರು ಬಂದು, ಅಂಚಿನ ಬಾಳೆಗಳು ಸೊಂಟದವರೆಗೆ ಮುಳುಗಿ ನಿಂತಿದ್ದವು. ಚಿಕ್ಕಪ್ಪನದು ಎಲ್ಲಿ ಎಂದು ಕೇಳಿದೆ. "ಒಳಗಿದೆ," ಎಂದು ನೀರಿನ ಕಡೆ ಕೈ ತೋರಿಸಿದಳು. ಅಂದು ಅವಳು ನನ್ನ ಜೊತೆ ಆಡಿದ ಕೊನೆಯ ಮಾತು ಅದೇ.

ಅವಳು ಕೊಯಮತ್ತೂರಿನ ಕಾಲೇಜಿಗೆ ಸೇರಿದಳು. ಕೆಲವು ದಿನ ಬೆಳಿಗ್ಗೆ ನಾನು ಸ್ಟೇಷನ್ನಿನಿಂದ ಶಾಲೆಗೆ ನಡೆಯುವಾಗ ಅವರ ಕಾಲೇಜು ಬಸ್ಸು ಎದುರಾಗುತ್ತಿತ್ತು. ಕಿಟಕಿಯಿಂದ ತಲೆಯಾಡಿಸುತ್ತಿದ್ದಳು. ಶಾಲೆಗೆ ಬರಲಿಲ್ಲ. ಹಳೆಯ ವಿದ್ಯಾರ್ಥಿಗಳು ಬಂದು ಕಿರಿಯರಿಗೆ ಕಾಲೇಜಿನ ಬಗ್ಗೆ ಹೇಳುವ ದಿನವೊಂದನ್ನು ಪ್ರತಿ ವರ್ಷ ಇಟ್ಟುಕೊಳ್ಳುತ್ತಿದ್ದೆವು, ಅದಕ್ಕೂ ಬರಲಿಲ್ಲ. ನಾನು ಕರೆಯಲೂ ಇಲ್ಲ.

ನಂತರದ ವರ್ಷಗಳಲ್ಲಿ ಆ ನೋಟ್‌ಬುಕ್ಕಿನ ಪಕ್ಕದ ಜಾಗ ಖಾಲಿ ಬಿಟ್ಟೆ. ಸಂಖ್ಯೆ ಮಾತ್ರ, ಅದೂ ಮಕ್ಕಳು ಓದಬಲ್ಲ ಹಾಗೆ. ಕೀಬೋರ್ಡನ್ನು ಅವರಿಗೇ ಬಿಟ್ಟು ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಕೆಲಸ ನಿಧಾನವಾಗುತ್ತಿತ್ತು. ಹುಡುಗರು ಕಾಲೇಜಿನ ಕೋಡ್ ತಪ್ಪಾಗಿ ಒತ್ತಿ ತಲೆ ಕೆರೆದುಕೊಳ್ಳುತ್ತಿದ್ದರು, ಹುಡುಗಿಯರು ಜಗಳವಾಡುತ್ತಿದ್ದರು, ಸಂಜೆಯ ಟೀ ಆರಿಹೋಗುತ್ತಿತ್ತು. ನನಗೆ ಹೇಳಬೇಕೆನ್ನಿಸಿದ ಎಷ್ಟೋ ಮಾತನ್ನು ನುಂಗಿಕೊಂಡಿದ್ದೇನೆ. ಅವುಗಳಲ್ಲಿ ಕೆಲವು ಒಳ್ಳೆಯ ಸಲಹೆಗಳೇ ಆಗಿದ್ದಿರಬಹುದು. ಆದರೂ ಈಗ ಮನೆಯಲ್ಲಿ ಕೂತು ನೆನೆದರೆ ಮತ್ತೆ ಬೇಕೆನ್ನಿಸುವುದು ಆ ನಿಧಾನದ ಶನಿವಾರಗಳೇ.

ನಾನು ಶಾಲೆ ಬಿಡುವ ವರ್ಷ, ಮೇಟ್ಟುಪಾಳಯಂ ಬಸ್ ಸ್ಟ್ಯಾಂಡಿನಲ್ಲಿ ಅವಳ ಅಜ್ಜಿ ಸಿಕ್ಕರು. ನಾನು ಗುರುತು ಹಿಡಿಯುವ ಮೊದಲೇ "ಅಮ್ಮಣಿ" ಎಂದು ಕೂಗಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಮೊಮ್ಮಗಳು ಈಗ ಚೆನ್ನೈನಲ್ಲಿದ್ದಾಳೆ ಎಂದರು. ಸಿವಿಲ್ ಮುಗಿಸಿ, ಪರೀಕ್ಷೆ ಬರೆದು, ಎಂ.ಇ.ಗೆ ಅದೇ ನಕ್ಷೆಯ ಕೋರ್ಸಿಗೆ, ಅದೇ ಕಾಲೇಜಿಗೆ ಹೋಗಿದ್ದಾಳೆ.

"ಹಾಸ್ಟೆಲ್ಲು ನೋಡೋಕೆ ನಾನೂ ಹೋಗಿದ್ದೆ. ಸಾಂಬಾರು ಅಂತ ಕೊಟ್ರು, ಬಟ್ಟೆ ಒಗೆದು ಅಲಸಿದ ನೀರಿನ ಹಾಗಿತ್ತು," ಎಂದರು.

"ಮನೇಲಿ ಒಪ್ಪಿದ್ರಾ?"

"ಯಾರನ್ನ ಕೇಳಿದ್ಲು ಒಪ್ಪೋಕೆ? ಫಾರಂ ತುಂಬಿ, ಸೀಟು ಸಿಕ್ಕಿದ ಮೇಲೆ ಬಂದು ಹೇಳಿದ್ಲು. ಅವಳಪ್ಪ ಒಂದು ವಾರ ಮಾತು ಬಿಟ್ಟ. ಆಮೇಲೆ ಅವನೇ ಪೆಟ್ಟಿಗೆ ಹೊತ್ಕೊಂಡು ಹೋದ."

ಅರ್ಜಿ ತುಂಬಲು ಯಾರಾದರೂ ಜೊತೆಗಿದ್ದರಾ ಎಂದು ಕೇಳಿದೆ. ಅಜ್ಜಿ ನನ್ನ ಮುಖ ನೋಡಿದರು.

"ಯಾರೂ ಇಲ್ಲ. ಟೀಚರಮ್ಮನ್ನ ಒಂದು ಮಾತು ಕೇಳು ಅಂದೆ. ಬೇಡ ಅಂದ್ಲು."

ಸಿರುಮುಗೈ ಬಸ್ಸು ಬಂತು. ಅವರ ಚೀಲವನ್ನು ನಾನು ಎತ್ತಿ ಒಳಗಿಟ್ಟೆ. ಕಿಟಕಿ ಪಕ್ಕ ಕೂತು, ಬಗ್ಗಿ, "ಬೇಜಾರು ಮಾಡ್ಕೋಬೇಡ," ಎಂದರು. ಬೇಜಾರಿಲ್ಲ ಎಂದೆ. ಬಸ್ಸು ಹೊರಟ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಬೇಜಾರಿಲ್ಲ ಎಂದು ನಾನು ಹೇಳಿದ್ದು ನಿಜ, ಬಹುಪಾಲು.